ಹಾಜರಿ ಮತ್ತು ಹೃದಯಾಘಾತ: ಬೆಂಗಳೂರಿನ ಒಬ್ಬ ಪೌರಕಾರ್ಮಿಕ ಮಹಿಳೆಯ ಪ್ರಕರಣ ಅಧ್ಯಯನ

ಆಸ್ಪತ್ರೆಯ ದಾಖಲೆಯಲ್ಲಿ ಈ ಪ್ರಕರಣ ಐದಾರು ಸಾಲುಗಳಲ್ಲಿ ಮುಗಿದುಹೋಗುತ್ತದೆ. 46 ವರ್ಷದ ಮಹಿಳೆ. ರಸ್ತೆ ಗುಡಿಸುವ ಕೆಲಸ. ಹೃದಯದ ಮುಂಭಾಗದ ಗೋಡೆಗೆ ತೀವ್ರ ಆಘಾತ. ಲಕ್ಷಣಗಳು ಕಾಣಿಸಿಕೊಂಡು ಸುಮಾರು 20 ಗಂಟೆ ಕಳೆದ ಮೇಲೆ ದಾಖಲು. ಆರು ವರ್ಷಗಳಿಂದ ರಕ್ತದೊತ್ತಡ, ಹೊಸದಾಗಿ ಪತ್ತೆಯಾದ ಮಧುಮೇಹ. ಎಲೆ ಅಡಿಕೆಯ ಜೊತೆ ತಂಬಾಕಿನ ಕಡ್ಡಿಪುಡಿ ಹಾಕಿಕೊಳ್ಳುವ ಅಭ್ಯಾಸ. ಕೊನೆಯಲ್ಲಿ, 'ಔಷಧಗಳನ್ನು ನಿಯಮಿತವಾಗಿ ತೆಗೆದುಕೊಂಡಿಲ್ಲ' ಎಂಬ ಟಿಪ್ಪಣಿ. ಈ ಬರಹ ಮುಖ್ಯವಾಗಿ ಆ ಕೊನೆಯ ಟಿಪ್ಪಣಿಯನ್ನು ಕುರಿತದ್ದು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮಾತ್ರೆ ಏಕೆ ತಪ್ಪಿತು ಎಂಬುದನ್ನು ಕೇಳದೆ ಅಲ್ಲಿಗೇ ನಿಂತುಬಿಟ್ಟರೆ, ಕಾಯಿಲೆಯ ಹೊಣೆಯೆಲ್ಲ ರೋಗಿಯ ತಲೆಯ ಮೇಲೆಯೇ ಬೀಳುತ್ತದೆ, ಮುಂದಿನ ಚಿಕಿತ್ಸೆಯೂ ಹಿಂದಿನ ದಾರಿಯಲ್ಲೇ ಸಾಗಿ ಅದೇ ಜಾಗದಲ್ಲಿ ಸೋಲುತ್ತದೆ.

ಇಲ್ಲಿ ವಿವರಿಸಿರುವ ಮಹಿಳೆ ನಿರ್ದಿಷ್ಟ ಒಬ್ಬ ವ್ಯಕ್ತಿಯಲ್ಲ. ಬೆಂಗಳೂರಿನ ಬೀದಿಗಳನ್ನು ಗುಡಿಸುವವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡುಬರುವ ಸಂಗತಿಗಳನ್ನು ಒಂದೆಡೆ ಸೇರಿಸಿ ಈ ಪ್ರಕರಣವನ್ನು ಕಟ್ಟಲಾಗಿದೆ. ಅವರ ವಯಸ್ಸು, ತಪಾಸಣೆಯ ಅಂಕಿಗಳು ಮತ್ತು ಘಟನೆಗಳ ಕ್ರಮ ಆ ಕಟ್ಟುವಿಕೆಯ ಭಾಗ. ಅಧ್ಯಯನಗಳು, ಯೋಜನೆಗಳು, ಕಾನೂನುಗಳ ಕುರಿತ ಮಾಹಿತಿ ಮಾತ್ರ ವಾಸ್ತವವಾದದ್ದು.

ಕೆಲಸ ಮತ್ತು ಮನೆ

ಅವರು ಪಾವಗಡ ತಾಲ್ಲೂಕಿನ ಮಳೆ ಕಾಣದ ಹಳ್ಳಿಯೊಂದರಿಂದ ಮದುವೆಯಾಗಿ ಬೆಂಗಳೂರಿಗೆ ಬಂದವರು. ಗಾರೆ ಕೆಲಸ ಮಾಡುತ್ತಿದ್ದ ಗಂಡ ಕಟ್ಟಡದಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ದುಡಿಮೆ ನಿಲ್ಲಿಸಿದ್ದಾರೆ. ಮೈಸೂರು ರಸ್ತೆಯ ಆಸುಪಾಸಿನ ಕೊಳೆಗೇರಿಯಲ್ಲಿ ಶೀಟು ಹೊದಿಸಿದ ಬಾಡಿಗೆ ಮನೆ. ಅದರಲ್ಲಿ ಗಂಡ, ಮಗ, ಸೊಸೆ, ಮೊಮ್ಮಗು. ಬೀದಿಯ ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವ. ಆದ್ದರಿಂದ ನಾಲ್ಕು ಗಂಟೆಗೇ ಎದ್ದು ಕೊಡ ತುಂಬಿಸಿ, ಅನ್ನ ಸಾರು ಮಾಡಿಟ್ಟು, ಐದೂವರೆಗೆ ಮನೆ ಬಿಡಬೇಕು. ರಾತ್ರಿ ಮಲಗುವುದು ಹನ್ನೊಂದರ ಮೇಲೆ. ನಿದ್ದೆ ದಿನಕ್ಕೆ ಐದು ಗಂಟೆ ದಾಟಿದ ವರ್ಷ ಅವರಿಗೆ ನೆನಪಿಲ್ಲ.

ಕೆಲಸಗಾರರು ಒಟ್ಟುಸೇರುವ ಮಸ್ಟರಿಂಗ್ ಸ್ಥಳದಲ್ಲಿ ಬೆಳಿಗ್ಗೆ ಆರೂವರೆಗೆ ಹಾಜರಿ, ಮಧ್ಯಾಹ್ನ ಎರಡೂವರೆಗೆ ಮತ್ತೊಂದು ಹಾಜರಿ. ಎರಡೂ ಬಿದ್ದರೆ ಮಾತ್ರ ಅದು ಪೂರ್ಣ ದಿನ. ನಡುವಿನ ಎಂಟು ಗಂಟೆ ಪೊರಕೆ, ತಳ್ಳುಗಾಡಿ, ಬಸ್ಸು ಲಾರಿಗಳ ಹೊಗೆ ಮತ್ತು ರಸ್ತೆಯ ದೂಳು. ಉಸಿರಿನ ಮೂಲಕ ಶ್ವಾಸಕೋಶದ ಆಳಕ್ಕೆ ಇಳಿಯುವ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳು ರಕ್ತನಾಳಗಳಲ್ಲಿ ಉರಿಯೂತವನ್ನು ಹೆಚ್ಚಿಸಿ ಹೃದಯಾಘಾತಕ್ಕೆ ದಾರಿ ಮಾಡುತ್ತವೆ ಎಂಬುದು ಈಗ ವೈದ್ಯಲೋಕದಲ್ಲಿ ವಿವಾದವಿಲ್ಲದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಸರಾಸರಿಗೆ ಸೂಚಿಸಿದ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ಭಾರತದ ಮಾನದಂಡ 40. ಆ ಸರಾಸರಿಯೂ ಇಡೀ ನಗರದ ಗಾಳಿಗೆ ಸಂಬಂಧಿಸಿದ್ದು. ಪೊರಕೆಯಿಂದ ಎದ್ದ ದೂಳಿನ ನಡುವೆಯೇ ನಿಂತವರ ಮೂಗಿನ ಮಟ್ಟದಲ್ಲಿ ಎಷ್ಟಿರುತ್ತದೆ ಎಂದು ಅಳೆಯುವ ಯಂತ್ರವನ್ನು ಯಾರೂ ಅವರ ಹೆಗಲಿಗೆ ಹಾಕಿಲ್ಲ.

ಬೆಂಗಳೂರಿನ ಪೌರಕಾರ್ಮಿಕರಲ್ಲಿ ಬಹುಪಾಲು ಮಂದಿ ದಲಿತ ಸಮುದಾಯಗಳವರು, ಅವರಲ್ಲೂ ಹೆಚ್ಚಿನವರು ಮಹಿಳೆಯರು. ಈ ಕೆಲಸ ಯಾರ ಪಾಲಿಗೆ ಬಂದಿದೆ ಎಂಬುದು ಆಕಸ್ಮಿಕವಲ್ಲ. ಜಾತಿಯನ್ನು ಬದಿಗಿಟ್ಟು ಈ ಪ್ರಕರಣವನ್ನು ಓದಲು ಸಾಧ್ಯವಿಲ್ಲವೆಂದು ನಾನು ಭಾವಿಸುತ್ತೇನೆ. ಬೀದಿಯ ಮನೆಗಳವರು ಕುಡಿಯುವ ನೀರನ್ನು ಲೋಟದಲ್ಲಿ ಕೊಡದೆ ಬಾಟಲಿಗೆ ಸುರಿಯುವುದರಿಂದ ಹಿಡಿದು, ಶೌಚಾಲಯ ಕೇಳಿದರೆ ಗೇಟು ಮುಚ್ಚುವವರೆಗೆ, ಮುಂದೆ ಬರುವ ಹಲವು ಸಂಗತಿಗಳ ಬೇರು ಅಲ್ಲಿದೆ. ಗುತ್ತಿಗೆದಾರರ ಕಾಲದಲ್ಲಿ ಇವರ ಸಂಬಳದಿಂದ ಇಎಸ್‌ಐ ಎಂಬ ಕಾರ್ಮಿಕರ ಆರೋಗ್ಯ ವಿಮೆಯ ಹಣ ಕಡಿತವಾಗುತ್ತಿತ್ತು, ಕಾರ್ಡು ಮಾತ್ರ ಕೈಗೆ ಬರಲಿಲ್ಲ. 2018ರಲ್ಲಿ ನೇರ ಪಾವತಿ ಬಂದ ಮೇಲೆ ಸಂಬಳ ಬ್ಯಾಂಕಿಗೆ ಬೀಳತೊಡಗಿತು; ಅಷ್ಟರಲ್ಲಿ ಸಂಘದ ಸಾಲವೂ ಕೈಸಾಲವೂ ಸೇರಿ ಪ್ರತಿ ವಾರ ಕಟ್ಟಬೇಕಾದ ಕಂತು ಬೆಳೆದುನಿಂತಿತ್ತು. 2025ರ ಮೇ 1ರಂದು ನಗರದ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ದೊರೆತದ್ದು ದೊಡ್ಡ ಹೆಜ್ಜೆ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಇವರ ರಕ್ತನಾಳಗಳಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

ಊಟದ ವಿಷಯವನ್ನು ಇಲ್ಲೇ ಹೇಳಿಬಿಡಬಹುದು. ಪಡಿತರದ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಅದರ ಬೆಲೆಯನ್ನು ಹಸಿವು ಕಂಡವರು ಬಲ್ಲರು. ಆದರೆ ತರಕಾರಿ, ಕಾಳು, ಹಣ್ಣುಗಳಿಗೆ ಹಣ ಉಳಿಯದ ಮನೆಯಲ್ಲಿ ಆ ಅನ್ನವನ್ನು ಇಳಿಸುವುದು ಉಪ್ಪಿನಕಾಯಿ, ಒಣಮೀನು ಮತ್ತು ತೆಳ್ಳನೆಯ ಖಾರದ ಸಾರು. ಕಡಲೆಕಾಯಿ ಎಣ್ಣೆ ಕೈಗೆಟುಕದಾಗ ಬರುವುದು ತಾಳೆ ಎಣ್ಣೆ. ಅದರ ಕೊಬ್ಬಿನಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಟು ಹತ್ತು ಗಂಟೆಯ ತಿಂಡಿಯವರೆಗೆ ಹಸಿವನ್ನೂ ಕಸದ ವಾಸನೆಯನ್ನೂ ತಡೆಯಲು ಬಾಯಲ್ಲಿ ಇರುತ್ತಿದ್ದುದು ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ. ದಾಖಲೆಯಲ್ಲಿ 'ತಂಬಾಕಿನ ಚಟ' ಎಂದು ಬರೆದಿರುವುದಕ್ಕೆ ಇವರ ದಿನಚರಿಯಲ್ಲಿ ಒಂದು ಕೆಲಸವಿತ್ತು.

ಯಾರೂ ಜೋಡಿಸದ ಎರಡು ಸಂಗತಿಗಳು

ಎರಡನೆಯ ಬಸಿರಿನ ಏಳನೇ ತಿಂಗಳಲ್ಲಿ ಇವರಿಗೆ ಕಾಲು, ಮುಖ ಊದಿಕೊಂಡು ರಕ್ತದೊತ್ತಡ ಏರಿತ್ತು. ಮಗು ದಿನ ತುಂಬುವ ಮೊದಲೇ ಹುಟ್ಟಿತು. ಹೆರಿಗೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಆ ವಿಷಯ ಅಲ್ಲಿಗೇ ಮುಚ್ಚಿತು. ಬಸಿರಿನಲ್ಲಿ ಹೀಗೆ ಪ್ರಿಎಕ್ಲಾಂಪ್ಸಿಯಾ ಕಾಣಿಸಿಕೊಂಡ ಮಹಿಳೆಗೆ ಮುಂದೆ ಹೃದ್ರೋಗ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ವರ್ಷಕ್ಕೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳಬೇಕೆಂದು ತಾಯಿ ಕಾರ್ಡಿನ ಮೇಲೆ ಒಂದು ಸಾಲು ಬರೆದು ಕೊಡಲು ಖರ್ಚೇನೂ ಇರಲಿಲ್ಲ.

ಇನ್ನೊಂದು ಸಂಗತಿ ಇನ್ನೂ ಹಿಂದಿನದು. ಅವರು ಬರಗಾಲದ ವರ್ಷದಲ್ಲಿ ಮನೆಯಲ್ಲೇ ಹುಟ್ಟಿದ, ತೀರಾ ಸಣಕಲು ಕೂಸೆಂದು ಅವರ ತಾಯಿ ಹೇಳುತ್ತಿದ್ದರಂತೆ. ಇದು ಕೇವಲ ನೆನಪಿನ ಮಾತೆಂದು ಬಿಟ್ಟುಬಿಡುವಂತಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ ಮಕ್ಕಳ ತೂಕದ ದಾಖಲೆಗಳು ಉಳಿದುಕೊಂಡಿದ್ದವು. ಅವರಲ್ಲಿ 517 ಮಂದಿಯನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಶೇ 11ರಷ್ಟಿದ್ದರೆ, ಮೂರು ಕಿಲೋ ದಾಟಿ ದಷ್ಟಪುಷ್ಟವಾಗಿ ಹುಟ್ಟಿದವರಲ್ಲಿ ಅದು ಶೇ 3ರಷ್ಟಿತ್ತು. ಬಸುರಿ ತಾಯಿಯ ಹಸಿವು ಮಗಳ ನಡುವಯಸ್ಸಿನ ಹೃದಯದವರೆಗೆ ಬರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಇಂಥದೊಂದು ಪುರಾವೆಯಿದೆ, ಆದರೂ ನಮ್ಮ ಹೊರರೋಗಿ ವಿಭಾಗಗಳ ಚೀಟಿಯಲ್ಲಿ ಹುಟ್ಟಿದ ಪರಿಸ್ಥಿತಿಯನ್ನು ಕೇಳುವ ಒಂದು ಕಾಲಂ ಕೂಡ ಇಲ್ಲ.

ಮಾತ್ರೆ ತಪ್ಪಿದ ಬಗೆ

40ನೇ ವಯಸ್ಸಿನಲ್ಲಿ, ಪೌರಕಾರ್ಮಿಕರಿಗಾಗಿ ನಡೆದ ಆರೋಗ್ಯ ಶಿಬಿರವೊಂದರಲ್ಲಿ, ಇವರ ರಕ್ತದೊತ್ತಡ 168/102 ಎಂದು ಕಂಡುಬಂತು. ಶಿಬಿರದ ವೈದ್ಯರು ಕೊಟ್ಟದ್ದು ಎರಡು ಮಾತ್ರೆ: ಅಮ್ಲೋಡಿಪಿನ್ ಮತ್ತು ಹೈಡ್ರೋಕ್ಲೋರೋಥಯಜೈಡ್. ಚಿಕಿತ್ಸೆಯ ದೃಷ್ಟಿಯಿಂದ ಅದು ಸರಿಯಾದ ಆಯ್ಕೆ. ಅಗ್ಗದ, ಪರಿಣಾಮಕಾರಿಯಾದ, ಎಲ್ಲೆಡೆ ಸಿಗುವ ಔಷಧಗಳು. ಎರಡನೆಯದು ಮೂತ್ರದ ಮೂಲಕ ದೇಹದ ಉಪ್ಪು ನೀರನ್ನು ಹೊರಹಾಕಿ ಒತ್ತಡವನ್ನು ಇಳಿಸುವ ಮಾತ್ರೆ. ರಾತ್ರಿ ನಿದ್ದೆ ಕೆಡಬಾರದೆಂದು ಇದನ್ನು ಬೆಳಿಗ್ಗೆ ತೆಗೆದುಕೊಳ್ಳುವಂತೆ ಹೇಳುವುದು ರೂಢಿ, ಇವರಿಗೂ ಹಾಗೆಯೇ ಹೇಳಲಾಯಿತು.

ಬೆಳಿಗ್ಗೆ ಐದಕ್ಕೆ ಮಾತ್ರೆ ನುಂಗಿದರೆ ಏಳರಿಂದ ಮೂತ್ರದ ಒತ್ತಡ ಶುರು. ಇವರು ಗುಡಿಸುವ ರಸ್ತೆಯಲ್ಲಿ ಆ ಹೊತ್ತಿಗೆ ತೆರೆದಿರುವ ಸಾರ್ವಜನಿಕ ಶೌಚಾಲಯವಿಲ್ಲ, ಹೋಟೆಲಿನವರು ಸಮವಸ್ತ್ರ ನೋಡಿಯೇ ಬೇಡವೆನ್ನುತ್ತಾರೆ, ಮಸ್ಟರಿಂಗ್ ಸ್ಥಳವೆಂದರೆ ರಸ್ತೆಯ ಮೂಲೆ. ಗಂಡಸರಿಗೆ ಗೋಡೆಯ ಮರೆ ಸಾಕು, ಹೆಂಗಸರಿಗೆ ಎರಡೂವರೆಯವರೆಗೆ ತಡೆದುಕೊಳ್ಳುವುದೊಂದೇ ದಾರಿ. ಮೊದಲು ಅವರು ನೀರು ಕುಡಿಯುವುದನ್ನು ಬಿಟ್ಟರು. ಬಿಸಿಲಲ್ಲಿ ತಲೆ ಸುತ್ತಿ, ಕಾಲು ಸೆಳೆತ ಬಂದು, ಕೊನೆಗೆ ಮಾತ್ರೆಯನ್ನೇ ಬಿಟ್ಟರು. ಎರಡರಲ್ಲಿ ಮೂತ್ರದ ಮಾತ್ರೆ ಯಾವುದೆಂದು ಸರಿಯಾಗಿ ತಿಳಿಯದ ಕಾರಣ ಎರಡೂ ನಿಂತವು. ಮುಂದೊಂದು ದಿನ ವಾರ್ಡಿನ ಕ್ಲಿನಿಕ್ಕಿನಲ್ಲಿ ವೈದ್ಯರು, "ಯಾಕಮ್ಮಾ, ಮಾತ್ರೆ ತಗೊಳ್ಳಲಿಲ್ವಾ?" ಎಂದು ಕೇಳಿದಾಗ ಅವರು ಕೊಟ್ಟ ಉತ್ತರ, "ಮರೆತುಬಿಟ್ಟೆ ಸಾರ್." ಪರ ಗಂಡಸಿನೆದುರು, ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಳ್ಳುವಂತೆ, ಮೂತ್ರದ ಮಾತನ್ನು ಆಡಲು ಅವರ ನಾಲಿಗೆ ಏಳಲಿಲ್ಲ. ದಾಖಲೆಗೆ ಹೋದದ್ದು ಆ 'ಮರೆತುಬಿಟ್ಟೆ' ಎಂಬ ಮಾತು.

ಕ್ಲಿನಿಕ್ಕಿನ ವೇಳೆಯ ಸಮಸ್ಯೆಯೂ ಇತ್ತು. ನಗರದ ವಾರ್ಡುಗಳಲ್ಲಿ ಸರ್ಕಾರ ತೆರೆದ 'ನಮ್ಮ ಕ್ಲಿನಿಕ್'ಗಳು ಉಚಿತವಾಗಿ ತಪಾಸಣೆ ಮಾಡಿ ಔಷಧ ಕೊಡುತ್ತವೆ, ಅವು ಇಲ್ಲದ ಕಾಲಕ್ಕೆ ಹೋಲಿಸಿದರೆ ಇದು ನಿಜವಾದ ಅನುಕೂಲ. ಆದರೆ ಅವುಗಳ ಮೂಲ ವೇಳಾಪಟ್ಟಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ. ಎರಡೂವರೆಗೆ ಹಾಜರಿ ಮುಗಿಸಿ, ಬಸ್ಸು ಹಿಡಿದು, ಮೂರೂವರೆಗೆ ಬಂದರೆ ಸಿಗುವುದು ಒಂದು ಗಂಟೆ. ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕಾದ ಸಕ್ಕರೆ ಪರೀಕ್ಷೆಗೆ ಬೆಳಿಗ್ಗೆಯೇ ಹೋಗಬೇಕು, ಅಂದರೆ ಒಂದು ದಿನದ ಸಂಬಳ ಬಿಡಬೇಕು. ಹೀಗಾಗಿ ಮಧುಮೇಹ ಪತ್ತೆಯೇ ಆಗಲಿಲ್ಲ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಬಸ್ಸಿನ ಖರ್ಚು ಉಳಿಯಿತು. ಅದರಿಂದ ಬಡ ಹೆಂಗಸರಿಗೆ ಆಸ್ಪತ್ರೆಯ ದಾರಿ ಹತ್ತಿರವಾದದ್ದನ್ನು ಒಪ್ಪಲೇಬೇಕು. ಹೊತ್ತಿನ ತೊಡಕು ಮಾತ್ರ ಹಾಗೆಯೇ ಉಳಿಯಿತು.

ಆಘಾತದ ದಿನ

ಬೆಳಿಗ್ಗೆ ಏಳೂವರೆಗೆ ಮೇಲುಹೊಟ್ಟೆಯಲ್ಲಿ ಹಿಂಡಿದಂತಾಗಿ, ಬೆವರು ಸುರಿದು, ಎಡ ಹೆಗಲು ಭಾರವಾಯಿತು. ಎದೆಯನ್ನು ಹಿಡಿದುಕೊಂಡು ಕುಸಿಯುವಂಥ ನೋವಿರಲಿಲ್ಲ. ಮಹಿಳೆಯರಲ್ಲಿ, ಅದರಲ್ಲೂ ಮಧುಮೇಹ ಇರುವವರಲ್ಲಿ, ಹೃದಯಾಘಾತವು ಸುಸ್ತು, ಉಸಿರುಗಟ್ಟುವಿಕೆ, ಹೊಟ್ಟೆಯ ಸಂಕಟವಾಗಿ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಖಾಲಿ ಹೊಟ್ಟೆಯಲ್ಲಿ ದಿನ ಕಳೆಯುವವರಿಗೆ ಅದು ಗ್ಯಾಸ್ಟ್ರಿಕ್ ಎಂದೇ ತೋರುತ್ತದೆ. ಜೊತೆಯವರು ಸೋಡಾ ತಂದು ಕುಡಿಸಿ, "ಸ್ವಲ್ಪ ಕೂತ್ಕೊಳ್ಳಕ್ಕಾ, ನಿನ್ನ ಬೀದಿ ನಾವು ನೋಡ್ಕೊಳ್ತೀವಿ" ಎಂದರು. ಅವರು ಕೂತರು, ಎದ್ದರು, ಮತ್ತೆ ಗುಡಿಸಿದರು. ಎರಡೂವರೆಯ ಹಾಜರಿ ಹಾಕದೆ ಹೋದರೆ ಬೆಳಗಿನ ಕೆಲಸವೂ ಲೆಕ್ಕಕ್ಕಿಲ್ಲ. ಹೃದಯದ ಸ್ನಾಯು ಸಾಯುತ್ತಿದ್ದ ಏಳು ಗಂಟೆಗಳನ್ನು ಅವರು ಆ ಹಾಜರಿಗಾಗಿ ಕಾದು ಕಳೆದರು. ಈ ಪ್ರಕರಣದಲ್ಲಿ ಅತ್ಯಂತ ದುಬಾರಿಯಾದ ಗಂಟೆಗಳು ಇವೇ.

ಸಂಜೆ ಬೀದಿಯ ಚಿಕ್ಕ ಕ್ಲಿನಿಕ್ಕಿನಲ್ಲಿ ಆಮ್ಲ ತಗ್ಗಿಸುವ ಚುಚ್ಚುಮದ್ದು ಸಿಕ್ಕಿತು, ಇಸಿಜಿ ಯಂತ್ರ ಅಲ್ಲಿರಲಿಲ್ಲ. ರಾತ್ರಿ ಉಸಿರಾಟ ಕಷ್ಟವಾದಾಗ ಮಗ ಆಟೋದಲ್ಲಿ ಸಮೀಪದ ನರ್ಸಿಂಗ್ ಹೋಮಿಗೆ ಕರೆದೊಯ್ದ. ಅಲ್ಲಿ ಇಸಿಜಿ ತೆಗೆದು, ದಾಖಲಾಗಬೇಕಾದರೆ ಮುಂಗಡ ಕಟ್ಟಬೇಕೆಂದರು. ತುರ್ತು ಸ್ಥಿತಿಯಲ್ಲಿ ಬಂದವರ ಜೀವ ಉಳಿಸುವುದು ಸರ್ಕಾರಿಯೋ ಖಾಸಗಿಯೋ ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. ಮಧ್ಯರಾತ್ರಿ ಕೌಂಟರಿನ ಮುಂದೆ ನಿಂತ ಹುಡುಗನಿಗೆ ಅದನ್ನು ಹೇಳಿಕೊಟ್ಟವರಿಲ್ಲ. 108ಕ್ಕೆ ಕರೆ ಮಾಡಬಹುದೆಂಬುದು ತಿಳಿದಿತ್ತು, ಆದರೆ ಅದು ಅಪಘಾತವಾದವರಿಗೆ ಬರುವ ಗಾಡಿ ಎಂದು ಅವನ ತಿಳಿವಳಿಕೆ. ಹಣ ಹೊಂದಿಸಲು ಎರಡು ಗಂಟೆ ಅಲೆದು, ಬೆಳಗಿನ ಜಾವ ಮೂರೂವರೆಗೆ ಸರ್ಕಾರಿ ಆಸ್ಪತ್ರೆ ತಲುಪಿದರು.

ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿನಿಂದ ಪ್ರಯೋಜನವಾಗುವುದು ಸಾಮಾನ್ಯವಾಗಿ ಮೊದಲ 12 ಗಂಟೆಗಳಲ್ಲಿ. ಎಷ್ಟು ಬೇಗವೋ ಅಷ್ಟು ಲಾಭ. ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ದುಬಾರಿಯಾದ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡುತ್ತಿರುವುದು ಇದೇ ಕಾರಣಕ್ಕೆ. ಇವರ ಪಾಲಿಗೆ ಆ ಹೊತ್ತು ಮೀರಿತ್ತು. ಆಂಜಿಯೋಗ್ರಾಂನಲ್ಲಿ ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಡಗಡೆಯ ರಕ್ತನಾಳ ಅದು ಶುರುವಾಗುವ ಜಾಗದ ಬಳಿಯೇ ಪೂರ್ತಿ ಮುಚ್ಚಿರುವುದು ಕಂಡಿತು. ನೋವು ಇನ್ನೂ ಉಳಿದಿದ್ದರಿಂದ ಸ್ಟೆಂಟ್ ಅಳವಡಿಸಿದರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುವುದರಿಂದ ಸ್ಟೆಂಟಿನ ಖರ್ಚು ಮನೆಯವರ ಮೇಲೆ ಬೀಳಲಿಲ್ಲ. ಹೃದಯ ಪ್ರತಿ ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ ಮಾತ್ರ ಶೇ 35ಕ್ಕೆ ಇಳಿದಿತ್ತು. ಆರೋಗ್ಯವಂತರಲ್ಲಿ ಅದು ಶೇ 55ರ ಮೇಲಿರುತ್ತದೆ.

ಒಬ್ಬರ ಕಥೆಯಾಚೆಗೆ

ಇದನ್ನು ಒಬ್ಬ ದುರದೃಷ್ಟವಂತೆಯ ಕಥೆಯೆಂದು ಓದುವವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರ ನೇತೃತ್ವದಲ್ಲಿ ನಡೆದು 2008ರಲ್ಲಿ ಪ್ರಕಟವಾದ 'ಕ್ರಿಯೇಟ್' ಅಧ್ಯಯನವನ್ನು ನೋಡಬೇಕು. ದೇಶದ 50 ನಗರಗಳ 89 ಆಸ್ಪತ್ರೆಗಳಲ್ಲಿ ದಾಖಲಾದ ಹೃದಯಾಘಾತ ಮತ್ತು ಅದಕ್ಕೆ ಸಮೀಪದ ತುರ್ತು ಹೃದ್ರೋಗದ 20,468 ರೋಗಿಗಳ ಆ ದಾಖಲೆಯಲ್ಲಿ, 30 ದಿನಗಳೊಳಗೆ ತೀರಿಕೊಂಡವರು ಬಡವರಲ್ಲಿ ಶೇ 8.2, ಶ್ರೀಮಂತರಲ್ಲಿ ಶೇ 5.5. ಕೊಲೆಸ್ಟರಾಲ್ ತಗ್ಗಿಸುವ ಮಾತ್ರೆ ಬಡವರಲ್ಲಿ ಶೇ 36 ಮಂದಿಗೆ ಸಿಕ್ಕಿದ್ದರೆ ಶ್ರೀಮಂತರಲ್ಲಿ ಶೇ 61.2 ಮಂದಿಗೆ, ರಕ್ತನಾಳ ತೆರೆಯುವ ಚಿಕಿತ್ಸೆ ಬಡವರಲ್ಲಿ ಶೇ 2, ಶ್ರೀಮಂತರಲ್ಲಿ ಶೇ 15.3. ಸಿಕ್ಕ ಚಿಕಿತ್ಸೆಯಲ್ಲಿದ್ದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಸಾವಿನ ಅಂತರವೂ ಇಲ್ಲವಾಯಿತು. ಧೂಮಪಾನ, ಮಧುಮೇಹದಂಥ ಅಪಾಯಕಾರಿ ಅಂಶಗಳನ್ನಷ್ಟೇ ಲೆಕ್ಕ ಹಾಕಿದಾಗ ಆ ಅಂತರ ಹಾಗೆಯೇ ಉಳಿಯಿತು. ಆಗ ಆರೋಗ್ಯ ಕರ್ನಾಟಕದಂಥ ಯೋಜನೆ ಇರಲಿಲ್ಲ, ಇಂದು ಸ್ಟೆಂಟಿನ ವಿಷಯದಲ್ಲಿ ಪರಿಸ್ಥಿತಿ ಸುಧಾರಿಸಿದೆ. ಆದರೆ ಲಕ್ಷಣ ಕಂಡಾಗಿನಿಂದ ಆಸ್ಪತ್ರೆ ಸೇರುವವರೆಗೆ ಆ ಅಧ್ಯಯನದಲ್ಲಿ ಕಂಡ 360 ನಿಮಿಷಗಳ ವಿಳಂಬವನ್ನು ಯಾವ ವಿಮಾ ಕಾರ್ಡೂ ತಾನಾಗಿ ಕಡಿಮೆ ಮಾಡಲಾರದು. ಜಯದೇವದಂಥ ಸರ್ಕಾರಿ ಹೃದ್ರೋಗ ಸಂಸ್ಥೆ ಇರುವ ಊರಿನಲ್ಲಿ ಇವರನ್ನು ತಡೆದದ್ದು ಕಿಲೋಮೀಟರುಗಳ ದೂರವಲ್ಲ.

17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ, ಬೆಂಗಳೂರೂ ಪಾಲ್ಗೊಂಡ 'ಪ್ಯೂರ್' ಅಧ್ಯಯನ 2014ರಲ್ಲಿ ಹೇಳಿದ್ದೂ ಇದನ್ನೇ ಹೋಲುತ್ತದೆ: ಹೃದ್ರೋಗದ ಅಪಾಯಕಾರಿ ಅಂಶಗಳ ಹೊರೆ ಶ್ರೀಮಂತ ದೇಶಗಳಲ್ಲಿ ಹೆಚ್ಚು, ಹೃದಯದ ಕಾಯಿಲೆಯಿಂದ ಸಾಯುವವರು ಬಡ ದೇಶಗಳಲ್ಲಿ ಹೆಚ್ಚು. ನಮ್ಮವರಿಗೆ ವಂಶದಿಂದಲೇ ಹೃದಯ ದುರ್ಬಲವೆಂಬ ಮಾತನ್ನು ಆಗಾಗ ಕೇಳುತ್ತೇವೆ. ದಕ್ಷಿಣ ಏಷ್ಯಾದವರಿಗೆ ಹೃದಯಾಘಾತ ಬೇಗನೆ ಬರುವುದು ನಿಜ. ಆದರೆ ವಂಶವಾಹಿಗಳು ಮಧ್ಯಾಹ್ನ ಎರಡೂವರೆಯ ಹಾಜರಿಯನ್ನು ನಿಗದಿಪಡಿಸುವುದಿಲ್ಲ.

ಬದಲಿಸಿದ ಯೋಜನೆ

ಬಿಡುಗಡೆಯಾಗುವಾಗ ಕೊಟ್ಟ ಔಷಧಗಳಲ್ಲಿ ಮತ್ತೊಂದು ಮೂತ್ರದ ಮಾತ್ರೆ ಇತ್ತು, ಈ ಬಾರಿ ಹೆಚ್ಚು ತೀಕ್ಷ್ಣವಾದ ಫ್ಯೂರೋಸೆಮೈಡ್, ಮತ್ತೆ 'ಬೆಳಿಗ್ಗೆ' ಎಂಬ ಸೂಚನೆಯೊಂದಿಗೆ. ಆರು ವಾರಗಳ ನಂತರ ಕೆಲಸಕ್ಕೆ ಮರಳಿದಾಗ ಹಿಂದೆ ಆದದ್ದೇ ಆಯಿತು. ಮಾತ್ರೆ ಬಿಟ್ಟರು, ಕಾಲು ಊದಿತು, ಮಲಗಿದರೆ ಉಸಿರು ಕಟ್ಟಿತು, ಹೃದಯ ವೈಫಲ್ಯದೊಂದಿಗೆ ಎರಡನೇ ಸಲ ದಾಖಲಾದರು. ಈ ಬಾರಿ ವಾರ್ಡಿನ ಹಿರಿಯ ನರ್ಸ್ ಒಬ್ಬರು ಪರದೆ ಎಳೆದು, ಹಾಸಿಗೆಯ ಪಕ್ಕ ಕುಳಿತು, ದಿನ ಹೇಗೆ ಕಳೆಯುತ್ತದೆಂದು ಬೆಳಗಿನಿಂದ ರಾತ್ರಿಯವರೆಗೆ ಕೇಳಿದರು. ಆರು ವರ್ಷಗಳಲ್ಲಿ ಮೊದಲ ಬಾರಿಗೆ ಶೌಚಾಲಯದ ಮಾತು ಹೊರಬಂತು.

ನಂತರ ಮಾಡಿದ ಬದಲಾವಣೆಗಳಲ್ಲಿ ವೈದ್ಯಕೀಯವಾಗಿ ಹೊಸದೇನೂ ಇಲ್ಲ. ಫ್ಯೂರೋಸೆಮೈಡನ್ನು ಬೆಳಿಗ್ಗೆಯೇ ನುಂಗಬೇಕೆಂಬ ನಿಯಮವಿಲ್ಲ; ಅದರ ಪ್ರಭಾವ ಆರು ಗಂಟೆಗಳಷ್ಟಿರುವುದರಿಂದ, ಕೆಲಸ ಮುಗಿಸಿ ಮನೆ ಸೇರಿದ ಮೇಲೆ ಮೂರು ಗಂಟೆಗೆ ತೆಗೆದುಕೊಂಡರೆ ರಾತ್ರಿ ನಿದ್ದೆಯೂ ಕೆಡದು. ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಸ್ಟೆಂಟ್ ಹಾಕಿದ ಮೊದಲ ವರ್ಷ ಒಂದು ದಿನವೂ ಬಿಡಬಾರದೆಂದು ಸೊಸೆಗೆ ವಿವರಿಸಿ, ಅವುಗಳ ಪಟ್ಟಿಯ ಮೇಲೆ ಕೆಂಪು ಗುರುತು ಹಾಕಿಕೊಟ್ಟರು. ಔಷಧಗಳನ್ನು ತಿಂಗಳಿಗೊಮ್ಮೆಯ ಬದಲು ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ಕೊಟ್ಟರು. ತಳ್ಳುಗಾಡಿ ಎಳೆಯಬಾರದು, ಬೆವರು ಅಥವಾ ಉಸಿರುಗಟ್ಟುವಿಕೆ ಬಂದರೆ ಅರ್ಧದಲ್ಲೇ ಕೆಲಸ ಬಿಡಲು ಅವಕಾಶ ಕೊಡಬೇಕು ಎಂದು ಮೇಲ್ವಿಚಾರಕರ ಹೆಸರಿಗೆ ವೈದ್ಯರು ಪತ್ರ ಬರೆದರು. ಕಡ್ಡಿಪುಡಿ ಬಿಡಿ ಎಂದಷ್ಟೇ ಹೇಳದೆ, ಮನೆ ಬಿಡುವ ಮುನ್ನ ಉಪ್ಪು ಕಡಿಮೆ ಹಾಕಿದ ರಾಗಿ ಗಂಜಿ ಕುಡಿದು ಹೊರಡುವಂತೆ ಹೇಳಿದ್ದು ನನಗೆ ಹೆಚ್ಚು ಅರ್ಥಪೂರ್ಣವೆನಿಸುತ್ತದೆ. ಹಸಿವು ಇಳಿದರೆ ಹೊಗೆಸೊಪ್ಪಿನ ಒಂದು ಕಾರಣವಾದರೂ ಇಲ್ಲವಾಗುತ್ತದೆ.

ನಾಲ್ಕು ತಿಂಗಳ ಕೊನೆಗೆ ರಕ್ತದೊತ್ತಡ 128/80ಕ್ಕೆ ಬಂದಿದೆ, ಮೂರನೇ ದಾಖಲಾತಿ ಆಗಿಲ್ಲ. ಕಡ್ಡಿಪುಡಿ ಕಡಿಮೆಯಾಗಿದೆ, ನಿಂತಿಲ್ಲ. ಸತ್ತುಹೋದ ಸ್ನಾಯು ಮರಳಿ ಬರುವುದಿಲ್ಲವಾದ್ದರಿಂದ ಮಹಡಿ ಮೆಟ್ಟಿಲು ಹತ್ತುವಾಗಿನ ಆಯಾಸ ಉಳಿದೇ ಇರುತ್ತದೆ. ಮಸ್ಟರಿಂಗ್ ಸ್ಥಳದಲ್ಲಿ ಶೌಚಾಲಯ ಬೇಕೆಂದು ಜೊತೆಯವರು ಸಹಿ ಹಾಕಿ ಕೊಟ್ಟ ಮನವಿ ಕಚೇರಿಯಲ್ಲಿದೆ. ಅದೇ ಸ್ಥಳದಲ್ಲಿ ಹಾಜರಿ ಹಾಕುವ ಉಳಿದ ಹೆಂಗಸರ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಬೆಳಿಗ್ಗೆ ಆರೂವರೆಗೆ, ಅವರು ಹೇಗೂ ಖಾಲಿ ಹೊಟ್ಟೆಯಲ್ಲಿ ನಿಂತಿರುವಾಗಲೇ, ನೋಡಿಬಿಡಬಹುದು. ಅದಕ್ಕೆ ಬೇಕಾಗಿರುವುದು ಒಂದು ಬಿಪಿ ಯಂತ್ರ, ಒಂದು ಗ್ಲುಕೋಮೀಟರ್, ತಿಂಗಳಿಗೊಮ್ಮೆ ಬರುವ ಒಬ್ಬ ನರ್ಸ್, ಮತ್ತು ತಪಾಸಣೆಯ ಅರ್ಧ ಗಂಟೆಯನ್ನು ಕೆಲಸದ ವೇಳೆಯೆಂದೇ ಪರಿಗಣಿಸುವ ಲಿಖಿತ ಆದೇಶ.